ಕಿವಿ ಕಾಣಲಿ

ಇವರನ್ನೆಲ್ಲ ಮೊದಲು ಹಿಡಿದವನು ನಾನೇ.
ಚನ್ನಗಿರಿ ಬಸ್‌ಸ್ಟ್ಯಾಂಡಿನ ಎದುರು, ಮೆಟ್ಟಿಲ ಮೇಲಿನ ಸ್ಟುಡಿಯೋದಲ್ಲಿ,
ಬಿಳಿ ಪಂಚೆ ಬಿಗಿದ ಗೋಡೆಗೆ ಒಬ್ಬೊಬ್ಬರನ್ನೇ ನಿಲ್ಲಿಸಿ
ನಗಬೇಡ, ಗದ್ದ ಮೇಲೆ, ಕೂದಲು ಹಿಂದಕ್ಕೆ,
ಕಿವಿ ಕಾಣಲಿ.
ಎಂಟು ಕಾಪಿ, ನೂರು ರೂಪಾಯಿ.
ಆ ಮುಖಗಳು ಪಾಸ್‌ಪೋರ್ಟಿಗೆ ಅಂಟಿಕೊಂಡು
ಸಮುದ್ರ ದಾಟಿ ಸುಡಾನಿಗೆ ಹೋದವು,
ಬೇರು, ಚಕ್ಕೆ, ಕೂದಲೆಣ್ಣೆಯ ಬಾಟಲಿಗಳ ಜತೆ.

ಯುದ್ಧ ಶುರುವಾದದ್ದನ್ನು
ಟೀವಿಯಲ್ಲಿ ನೋಡಿದೆ, ಊಟದ ಹೊತ್ತು.
ಯಾವ ಮುಖವೂ ಗುರುತು ಸಿಗಲಿಲ್ಲ.
ಎಲ್ಲರೂ ಓಡುತ್ತಿದ್ದರು, ಕಿವಿ ಮುಚ್ಚಿಕೊಂಡು.

ಈಗ ದಾವಣಗೆರೆಯ ಸಂಸ್ಥೆಯೊಂದು
ಒಂಬತ್ತು ಹಳೇ ಕ್ಯಾಮೆರಾ ಕಳಿಸಿದೆ.
ವಾರಕ್ಕೆರಡು ಸಂಜೆ ಕಲಿಸಲು ನನಗೆ ಬೈಕಿನ ಪೆಟ್ರೋಲು.
ಹಕ್ಕಿಪಿಕ್ಕಿ ಕ್ಯಾಂಪಿನ ಅಂಗನವಾಡಿಯಲ್ಲಿ, ಅ ಅರಸ ಆ ಆನೆಯ ಕೆಳಗೆ
ಹದಿನಾಲ್ಕು, ಹದಿನಾರು, ಹತ್ತೊಂಬತ್ತರವರು
ಪುಟಾಣಿ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ.
‘ನಿಮ್ಮ ಕತೆ ನೀವೇ ಹೇಳಿ’ ಎಂದು ಕಾಗದದಲ್ಲಿ ಬರೆದಿತ್ತು.
ಓದಿದೆ. ಯಾರೂ ಏನೂ ಹೇಳಲಿಲ್ಲ.
ಚಾಂದನಿ ಮಾತ್ರ ಕೇಳಿದಳು,
‘ಬ್ಯಾಟ್ರಿ ಎಷ್ಟೊತ್ತು ಬರ್ತದೆ ಸಾರ್?’
ಕರೆಂಟಿಲ್ಲದ ಊರಲ್ಲಿ ಹನ್ನೊಂದು ದಿನ
ಒಂದೇ ಫೋನನ್ನು ಹತ್ತು ಜನ ಕಾಯ್ದವರ ಪ್ರಶ್ನೆ.

ತಪ್ಪಿದ್ದು ನಾನು, ಮೊದಲ ದಿನವೇ.
‘ಹ್ಞೂಂ, ಹೊಡಿ!’ ಅಂದೆ.
ನಮ್ಮ ಕಸುಬಿನ ಮಾತು, ಮೂವತ್ತು ವರ್ಷದ ರೂಢಿ,
ಮದುವೆ ಮಂಟಪಗಳಲ್ಲಿ ಸಾವಿರ ಸಲ ಅಂದದ್ದು.
ರಾಣಾ ಕ್ಯಾಮೆರಾ ಕೆಳಗಿಟ್ಟ,
ಮೆತ್ತಗೆ, ನಿದ್ದೆ ಹೋದ ಕೂಸನ್ನು ಇಡುವ ಹಾಗೆ.
ಹೊರಗೆ ಹೋಗಿ ಬೋರ್‌ವೆಲ್ ಕಟ್ಟೆಯ ಮೇಲೆ ಕೂತ.
ಬೇರೆ ಮಾತು ಹುಡುಕಿದೆ.
‘ತೆಗಿ’ ಅಂದರೆ ಏನನ್ನೋ ಕಿತ್ತುಕೊಂಡಂತೆ.
‘ಹಿಡಿ’ ಅಂದೆ. ಇಡೀ ಕ್ಯಾಂಪು ನಕ್ಕಿತು:
ಹಿಡಿಯೋದು ನಮಗೆ ಕಲಿಸ್ತೀರಾ?

ರಾಣಾನ ತಾತನ ಹೆಸರು ಮಿಲ್ಟ್ರಿ.
ಬಂದೂಕು ಮುಟ್ಟಿದವನಲ್ಲ. ಹುಟ್ಟಿದ ದಿನ
ದಾರಿಯಲ್ಲಿ ಹಸಿರು ಲಾರಿಗಳು ಸಾಲಾಗಿ ಹೋದವಂತೆ, ಅಷ್ಟೆ.
ಸರ್ಕಾರ ಬಲೆ ಕಸಿದು ಎಷ್ಟೋ ವರ್ಷ,
ಬೆರಳಿಗೆ ಇನ್ನೂ ಗಂಟುಗಳ ನೆನಪು.
ಮೊಮ್ಮಗನ ಪಕ್ಕ ಕುಕ್ಕರಗಾಲಲ್ಲಿ ಕೂತು
ತಮ್ಮ ವಾಗ್ರಿ ಮಾತಲ್ಲಿ ಏನೇನೋ ಅಂದ.
ಚಾಂದನಿ ನನಗೆ ಕನ್ನಡ ಮಾಡಿದಳು:

ನೆರಳು ಮುಂದೆ ಬೀಳದಂಗೆ ಕೂರು.
ಹಕ್ಕಿನ ನೋಡಬ್ಯಾಡ, ಅದು ಇಳಿಯೋ ಜಾಗ ನೋಡು.
ಉಸಿರು ಅರ್ಧಕ್ಕೆ ನಿಲ್ಸು.
ಬರದಿದ್ರೆ ಬರಲಿಲ್ಲ. ನಾಳೆನೂ ಬೆಳಕಾಗ್ತದೆ.

ನನ್ನ ಮೂರು ಪುಟದ ಪಾಠ ಮಡಚಿ ಜೇಬಿಗಿಟ್ಟೆ.

ಚಾಂದನಿಯ ಚಿತ್ರಗಳಲ್ಲಿ ಬರೀ ನೀರು.
ನೀಲಿ ಡ್ರಮ್ಮಿನಲ್ಲಿ, ಕೊಡದಲ್ಲಿ,
ನಾಯಿ ಕುಡಿಯುವ ಒಡೆದ ಬೋಗುಣಿಯಲ್ಲಿ.
ಇಷ್ಟೊಂದು ಯಾಕೆ ಅಂದರೆ
‘ಅಲ್ಲಿ ಎಣ್ಣೆ ಬಾಟ್ಲಿ ಮುಚ್ಚಳದಾಗೆ ಅಳೆದು ಕುಡೀತಿದ್ವಿ’ ಎಂದಳು,
ಮುಂದಿನ ಚಿತ್ರಕ್ಕೆ ಹೋದಳು. ಅದೂ ನೀರು.
ಇನ್ನೊಬ್ಬ ಬರೀ ಚಿಲಕಗಳನ್ನು ತಂದ,
ಎಲ್ಲವೂ ಒಳಗಿನಿಂದ.
ಸಂಸ್ಥೆಯ ಮೇಡಂ ಒಂದೊಂದನ್ನೂ ನಿಧಾನ ನೋಡಿದರು.
‘ಚೆನ್ನಾಗಿವೆ. ಯುದ್ಧದ್ದು ಯಾವುದೂ ಇಲ್ವಾ?’
ಯಾರೋ ಅವರಿಗೆ ಚಹಾ ತರಲು ಎದ್ದರು.

ರಾಣಾ ಇನ್ನೂ ಒಂದೂ ಕೊಟ್ಟಿರಲಿಲ್ಲ.
ಆರನೇ ವಾರ ನನ್ನನ್ನೇ ಕರೆದ.
ತಂತಿಯ ಮೇಲೆ ಅವನಮ್ಮನ ಸೀರೆ ಒಣಗುತ್ತಿತ್ತು,
ಬದನೆ ಬಣ್ಣದ್ದು, ಅಂಚು ಹರಿದದ್ದು.
ಅದರ ಮುಂದೆ ನಿಲ್ಲಿ ಅಂದ.
ನಿಂತೆ. ರೂಢಿ ನೋಡಿ, ಗದ್ದ ತಾನೇ ಮೇಲೆದ್ದಿತು.
ಅವನು ಹೊಡೆಯಲಿಲ್ಲ, ತೆಗೆಯಲಿಲ್ಲ.
ನೆರಳನ್ನು ಬೆನ್ನಿಗೆ ಹಾಕಿಕೊಂಡು ಕೂತ.
ಸೀರೆ ಬೀಸಿ ಭುಜಕ್ಕೆ ತಾಗಿತು, ತಣ್ಣಗೆ.
ಗದ್ದ ಇಳಿಯಿತು. ಹೊಟ್ಟೆ ಇಳಿಯಿತು.
ನಗಬೇಕೋ ಬೇಡವೋ ಹೇಳುವವರಿಲ್ಲದೆ
ನನ್ನ ಎರಡು ಕಿವಿಗಳನ್ನು ಏನು ಮಾಡಬೇಕೋ ತಿಳಿಯದೆ
ನಿಂತೇ ಇದ್ದೆ.